ಗೊಬ್ಬೂರದವಳ ಮೊಣಕಾಲು

ನಮ್ಮ ಮನೆಯವರ ಅಂಗಿಯ ಜೇಬಿಗೆ ಮತ್ತೆ ನೇರಳೆ ಶಾಯಿ ಹತ್ತಿದೆ. ಬೇರೆ ಹೆಂಗಸರು ಗಂಡನ ಅಂಗಿಯಲ್ಲಿ ಕುಂಕುಮ ಹುಡುಕುತ್ತಾರಂತೆ. ನನ್ನ ಹೊಟ್ಟೆ ಉರಿಯಲು ಈ ಶಾಯಿಯೇ ಸಾಕು. ಅವರು ಅಫಜಲಪುರದಲ್ಲಿ ಎಲುಬಿನ ಡಾಕ್ಟರು, ಮನೆಯ ಮುಂದಿನ ಕೋಣೆಯೇ ದವಾಖಾನೆ. ರೋಗಿಯ ಕಾಲನ್ನು ಒತ್ತಿ ನೋಡಿ, ಚರ್ಮದಡಿ ಎಲುಬು ಉಬ್ಬಿದಲ್ಲೆಲ್ಲ ಆ ಪೆನ್ನಿನಿಂದ ಚುಕ್ಕೆ ಇಡುತ್ತಾರೆ. ನಿನ್ನೆ ಚುಕ್ಕೆ ಇಡಿಸಿಕೊಂಡವಳು ಯಾರೆಂದು ನನಗೆ ಗೊತ್ತು. ಎಕ್ಸ್‌ರೇ ತೋರಿಸಲು ಇವತ್ತೂ ಬರುತ್ತಾಳೆ.

ಮದುವೆಯಾದ ಹೊಸತರಲ್ಲಿ ಊಟಕ್ಕೆ ಕೂತವರು ರೊಟ್ಟಿ ಮುರಿಯುವುದನ್ನೂ ಮರೆತು ಹೇಳಿದ್ದರು: "ಗೊಬ್ಬೂರದಿಂದ ಒಬ್ಬಾಕಿ ಬಂದಿದ್ಳು. ಏನ್ ಮೊಣಕಾಲ್ ಅಂತೀನಿ! ಚಿಪ್ಪು, ಅದರ ಕೆಳಗಿನ ಉಬ್ಬು, ಹೊರಬಾಜು ಸಣ್ಣ ಎಲುಬಿನ ತಲಿ, ಎಲ್ಲಾ ಕಣ್ಣಿಗೇ ಕಾಣ್ತಾವ. ಪುಸ್ತಕದಾಗಿನ ಚಿತ್ರ ಇದ್ದಂಗ!"

ಪುಂಡಿಪಲ್ಯ ಹೇಗಾಗಿದೆ ಎಂದು ಕೇಳಬೇಕೆಂದಿದ್ದೆ. ಪಲ್ಯದ ಬೋಗುಣಿ ಎತ್ತಿಕೊಂಡು ಒಳಗೆ ಹೋದೆ.

ಅಂದಿನಿಂದ ಆ ಮೊಣಕಾಲು ನನ್ನ ಸವತಿ. ಬಾಗಿಲು ಹಾಕಿಕೊಂಡು ನನ್ನ ಕಾಲನ್ನೂ ಒತ್ತಿ ನೋಡಿಕೊಂಡಿದ್ದೇನೆ, ನಗಬೇಡಿ. ನಾದಿದ ಹಿಟ್ಟಿನಲ್ಲಿ ಉಂಗುರ ಹುಡುಕಿದಂತಾಯಿತು. ಈ ಮನುಷ್ಯನಿಗೆ ಮುಖಗಳಂತೂ ನೆನಪಿರುವುದಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಕೈಮುಗಿದರೆ ಅವರು ನಾಲ್ಕು ಹೆಜ್ಜೆ ನಡೆಯುವವರೆಗೂ ಕಾದು, "ಕರಜಗಿ ಊರಿನ ಎಡ ಟೊಂಕ ಅಲ್ಲೇನು?" ಎನ್ನುತ್ತಾರೆ. ಊರವರ ಎಲುಬುಗಳೆಲ್ಲ ನೆನಪಿವೆ, ಹೆಂಡತಿಯದೊಂದು ಬಿಟ್ಟು!

ಜಿಪುಣತನ ಬೇರೆ. ನಾನು ಹೊಸ ಚಪ್ಪಲಿ ಕೊಂಡರೆ ಸಾಕು, "ಹೊಲಿಸ್ಕೊಂಡ್ ಬರ್ತೇನಿ, ಗಟ್ಟಿ ಆಗ್ತದ" ಎಂದು ಬಸ್‌ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವವನ ಹತ್ತಿರ ಒಯ್ಯುತ್ತಿದ್ದರು.

ಹೋದ ತಿಂಗಳು ಮೆಟ್ಟಿಲಲ್ಲಿ ನನ್ನ ಕಾಲು ಉಳುಕಿತು. ಓಡಿ ಬಂದು ನೆಲಕ್ಕೇ ಕೂತು, ಕಣಕಾಲಿನ ಗಂಟುಗಳ ಹಿಂದಿನ ಅಂಚನ್ನು ಎರಡೂ ಬದಿಗೆ ಒತ್ತಿದರು.

"ಇಲ್ಲಿ ನೋವದ?"

"ಇಲ್ರಿ."

"ಎದ್ದು ನಾಕ್ ಹೆಜ್ಜಿ ನಡಿ."

ನಡೆದೆ. "ಮುರ್ದಿಲ್ಲ. ಆದ್ರ ಬರಿಗಾಲಿಲೆ ಓಡಾಡಬ್ಯಾಡ. ಮೊದ್ಲೇ ಬಲಗಾಲ್ ಗಿಡ್ಡ ಅದ."

"ಯಾರ್ದು?"

"ನಿಂದೇ. ಅರ್ಧ ಬೆರಳಿನ ದಪ್ಪದಷ್ಟು. ನಾನು ಆಳಂದಕ್ಕ ಕನ್ಯಾ ನೋಡಾಕ ಬಂದಾಗ ನೀ ಚಾ ಹಿಡ್ಕೊಂಡ್ ಬಂದಿದ್ದಿ ನೋಡು, ಬಲಬಾಜು ಟೊಂಕದ ಎಲುಬು ತಗ್ಗಿತ್ತು. ಬಲ ಚಪ್ಪಲ್‌ದಾಗ ಇಷ್ಟು ವರ್ಷ ಸುಮ್ನ ತೊಗಲು ಹಾಕಿಸೇನೇನು?"

ನಾನು ಎರಡೂ ಚಪ್ಪಲಿ ತಂದು ಪಕ್ಕಪಕ್ಕ ಹಿಡಿದೆ. ಬಲಗಾಲಿನ ಅಟ್ಟೆ ದಪ್ಪಗಿತ್ತು. ಕಣ್ಣು ತುಂಬಿ ಬಂತು, ಸಿಟ್ಟೂ ಬಂತು.

"ಆವತ್ತು ನನ್ನ ಮುಖ ನೋಡಿರಲಿಲ್ಲೇನ್ರಿ?"

ಸ್ವಲ್ಪ ಯೋಚಿಸಿದರು. "ನೋಡಿದ್ದೆ. ಆಮ್ಯಾಲ."

ಈಗ ಮುಂದಿನ ಕೋಣೆಯಲ್ಲಿ ಗೊಬ್ಬೂರದವಳ ನಗು ಕೇಳುತ್ತಿದೆ. ಮೊಣಕಾಲು ಸವೆದರೂ ನಗುವಿಗೇನೂ ಕಡಿಮೆಯಿಲ್ಲ. ಅಂಗಿಯನ್ನು ಬಕೆಟ್ಟಿನಲ್ಲೇ ಬಿಟ್ಟು ಬಾಗಿಲಿಗೆ ಹೋದೆ. ಹೊಸ್ತಿಲಾಚೆ ಅವಳ ಚಪ್ಪಲಿಗಳಿದ್ದವು. ಅತ್ತಿತ್ತ ನೋಡಿ ಎರಡನ್ನೂ ಎತ್ತಿ ಅಟ್ಟೆಗೆ ಅಟ್ಟೆ ಹಿಡಿದೆ.

ಎರಡೂ ಒಂದೇ ದಪ್ಪ.

ಇದ್ದ ಹಾಗೆಯೇ ಜೋಡಿಸಿಟ್ಟು ಒಳಗೆ ಬಂದು, ಅವಳಿಗೂ ಸೇರಿಸಿ ಚಹಾ ಇಟ್ಟೆ.