ಮಣ್ಣ ಮಾಡಿದ ಮರುದಿನ ಸುತ್ತಿದ ರುಮಾಲ

ಮೊರಬದಾಗ ನಮ್ಮದು ನಾಲ್ಕ ಕ್ರೈಸ್ತ ಮನಿಯ ಸಣ್ಣ ಸಭೆ. ಸಭಾಪಾಲಕರು ತಿಂಗಳಿಗೊಮ್ಮೆ ಬರ್ತಾರ. ಉಳಿದ ಐತವಾರ ಬೈಬಲ್ ಓದಿ ಹೇಳಾಂವ ನಾನ.

ಪ್ರವಾದಿ ಯೆಹೆಜ್ಕೇಲನ ಕಥಿ ಎಷ್ಟೋ ಸಲ ಹೇಳೇನಿ. ಬಾಬೆಲಿನ ಅರಸ ಯೆರೂಸಲೇಮಿನ ಮಂದೀನ ಸೆರಿ ಹಿಡದು ಒಯ್ದಿದ್ದ, ಅವರೊಳಗ ಇವನೂ ಒಬ್ಬ. ಊರಾಗ ಗುಡಿ ಇನ್ನೂ ನಿಂತೈತಿ, ಇವತ್ತಿಲ್ಲ ನಾಳಿ ತಿರುಗಿ ಹೋಗತೀವಿ ಅಂತ ಮಂದಿ ಕುಂತಿದ್ರು. ಗುಡಿ ಬೀಳತೈತಿ ಅಂತ ಇಂವ ಬಾಯಿ ಬಡ್ಕೊಂಡ್ರೂ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಒಂದಿನ ಸಂಜಿಕ ಅವನ ಹೇಣ್ತಿ ಸತ್ತಳು. ಅಳಬ್ಯಾಡ, ರುಮಾಲ ಸುತ್ತು, ಚಪ್ಪಲಿ ಮೆಟ್ಟು, ಮಂದಿ ತಂದ ರೊಟ್ಟಿ ಉಣಬ್ಯಾಡ ಅಂತ ದೇವರ ಅಪ್ಪಣಿ. ಗುಡಿ ಬಿದ್ದ ದಿನ ನಿಮಗೂ ಹಿಂಗ ಅಳು ಬರಂಗಿಲ್ಲ ಅಂತ ಮಂದಿಗೆ ತೋರಸಾಕ.

‘ಸಾವಿನ ಮನಿಗೆ ರೊಟ್ಟಿ ಒಯ್ಯೂ ಪದ್ಧತಿ ಅಲ್ಲೂ ಇತ್ತು ನೋಡ್ರಿ’ ಅಂದ್ರ ಎಲ್ಲಾರೂ ತಲಿ ಅಲ್ಲಾಡಸ್ತಿದ್ರು.

ಈ ಸಲ ಕಡ್ಲಿ ಕೀಳೂ ಹೊತ್ತಿನ್ಯಾಗ ನನ್ನ ಹೇಣ್ತಿ ಹೋದಳು. ಎದಿನೋವು ಅಂದಳು, ಅಷ್ಟ. ಮಣ್ಣ ಮಾಡಿ ಬಂದೆ. ಅಳು ಬರಲಿಲ್ಲ. ಒಳಗ ಏನೇನೂ ಇದ್ದಿಲ್ಲ. ಮುಂಜಾನೆದ್ದು ದಿನದಂಗ ರುಮಾಲ ಸುತ್ತಿ, ಚಪ್ಪಲಿ ಮೆಟ್ಟಿ ಹೊಲಕ್ಕ ಹೊಂಟೆ. ಕೈಕಾಲಿಗೆ ಗೊತ್ತಿದ್ದದ್ದು ಅದೊಂದ.

‘ಅಲ್ಲ ಕಾಕಾ, ನಿನ್ನೆ ಮಣ್ಣ ಮಾಡಿ ಇವತ್ತ ಹೊಲಕ್ಕೇನ್ರಿ?’ ಅಂತ ಬಸ್ ಸ್ಟ್ಯಾಂಡಿನ್ಯಾಗ ಒಬ್ಬ ಕೇಳಿದ. ಬಾಜೂಕಿದ್ದ ನಮ್ಮ ಸಭೆಯವ, ‘ಸುಮ್ನಿರೋ, ಅವರು ಪ್ರವಾದಿ ಹಂಗ ಅಳು ತಡಕೊಂಡಾರ’ ಅಂದ, ಅಗದಿ ಭಕ್ತಿಯಿಂದ. ಅವನ ಬಾಯಾಗ ಮಣ್ಣ ಬೀಳಲಿ! ನನಗ್ಯಾವ ಅಪ್ಪಣಿ ಬಂದಿತ್ತು?

ಆ ಮಾತು ನನಗಿಂತ ಮೊದಲ ಮನಿ ಮುಟ್ಟಿತ್ತು. ಬಾಜೂಮನಿ ಲಿಂಗಾಯತರ ಅಮ್ಮ ಕೊಟ್ಟುಹೋದ ರೊಟ್ಟಿ, ಜುಣಕ ನಿನ್ನೆಯಿಂದ ಹಂಗ ಇದ್ವು. ನನಗ ಹಸಿವಿದ್ದಿಲ್ಲ. ಮಿಶ್ರಿಕೋಟಿಗೆ ಕೊಟ್ಟ ನಮ್ಮ ಮಗಳು ಚೀಲ ತುಂಬಕೊಂಡು ಬಾಗಲಾಗ ನಿಂತಿದ್ದಳು.

‘ರೊಟ್ಟಿನೂ ಮುಟ್ಟಿಲ್ಲಲ್ಲ ಯಪ್ಪಾ. ಐತವಾರ ಹೇಳಾಕ ನಿನಗ ನಮ್ಮವ್ವನ ಸಾವ ಬೇಕಾತೇನು? ಇನ್ನ ಈ ಮನಿಗೆ ನಾ ಬರಂಗಿಲ್ಲ.’

ಹೋಗಿ ರೊಟ್ಟಿ ಬುಟ್ಟಿ ಮುಂದ ಕುಂತೆ. ರೊಟ್ಟಿ ಒಣಗಿ ಸೆಟದಿತ್ತು. ಮುರದು, ಜುಣಕ ಹಚ್ಚಿ ಬಾಯಿಗಿಟ್ಟೆ. ಉಪ್ಪ, ಖಾರ ಒಂದೂ ತಿಳೀಲಿಲ್ಲ. ಹಂಗ ಅಗದೆ.

‘ನಾ ಪ್ರವಾದಿ ಅಲ್ಲಬೇ. ಗುಡಿ ಬಿದ್ದರೂ ಅಳು ಬರಲಿಲ್ಲಲ್ಲ, ಆ ಮಂದ್ಯಾಗ ಒಬ್ಬಾಂವ’ ಅಂದೆ.

ಆಕಿ ಚೀಲ ಇಳಿಸಿ, ಎದುರಿಗೆ ಕುಂತು, ಉಳಿದರ್ಧ ರೊಟ್ಟಿ ಕೈಯಾಗ ತಗೊಂಡಳು.