ಓಡುತ್ತಿದ್ದ ಲ್ಯಾಪ್‌ಟಾಪಿಗೆ ಹೂವಿಟ್ಟದ್ದು

ನವರಾತ್ರಿ ಕಳೆದ ಮೇಲೆ ಅಂದೇ ಮೊದಲು ಮನೆಗೆ ಮೀನು ಬಂದಿತ್ತು. ಅಡುಗೆಮನೆಯ ನೆಲದ ಮೇಲೆ ಮೆಟ್ಟುಕತ್ತಿ ಇಟ್ಟುಕೊಂಡು ಬಂಗುಡೆ ಶುಚಿ ಮಾಡುತ್ತಿದ್ದೆ. ಆಯುಧಪೂಜೆಯ ಕುಂಕುಮ ಕತ್ತಿಯ ಮಣೆಯ ಮೇಲೆ ಇನ್ನೂ ಸ್ವಲ್ಪ ಉಳಿದಿತ್ತು. ಆಗ ಮಗಳ ಫೋನು ಬಂತು. ಕಿರುಬೆರಳಿನಲ್ಲೇ ಸ್ಪೀಕರ್ ಒತ್ತಿದೆ.

"ಅಮ್ಮಾ, ಆಗ್ಲಿಲ್ಲ."

"ಎಂತ ಆಗ್ಲಿಲ್ಲ?"

"ಲ್ಯಾಬಲ್ಲಿ ತೋರಿಸ್ಲಿಕ್ಕೆ ಆಗ್ಲಿಲ್ಲ. ಬರೀ ಎರರ್. ಸರ್ ಮಾರ್ಕ್ ಕೊಡ್ಲಿಲ್ಲ. ನನಗೂ ಇಲ್ಲ, ನನ್ನ ಜೊತೆಯವಳಿಗೂ ಇಲ್ಲ."

ಏಕೆ ಆಗಲಿಲ್ಲ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಮಗಳು ಇಂಜಿನಿಯರಿಂಗ್ ಓದುತ್ತಾಳೆ. ಈ ಸಲ ಅವಳಿಗೆ ಕಂಪೈಲರ್ ಎಂಬ ಪಾಠ. ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ಪ್ರೋಗ್ರಾಮಿಗೆ ಆ ಹೆಸರಂತೆ. ಅಂಥದ್ದೊಂದನ್ನು ಇಬ್ಬಿಬ್ಬರು ಜೊತೆಯಾಗಿ ತಾವೇ ಮಾಡಬೇಕು. ಅದಕ್ಕೆ ಮೊದಲು ಲ್ಯಾಪ್‌ಟಾಪಿನಲ್ಲಿ ಏನೇನೋ ಹಾಕಿ ಕೆಲಸದ ಜಾಗವೊಂದನ್ನು ಸಿದ್ಧ ಮಾಡಿಕೊಳ್ಳಬೇಕು. ಅಲ್ಲಿ ಒಂದು ಸಾಲು ಬರೆದರೆ ಕೂಡಲೇ ಉತ್ತರ ಬರುತ್ತದೆ. ತಪ್ಪು ಬರೆದರೆ ಅಲ್ಲಿಯೇ ಹೇಳುತ್ತದೆ. ಆ ಜಾಗ ಸಿದ್ಧವಾದದ್ದನ್ನು ರಜೆ ಮುಗಿದ ಮೊದಲ ದಿನವೇ ತೋರಿಸಬೇಕಿತ್ತು.

ಮಗಳ ಜೊತೆಗಾತಿ ಬೆಂಗ್ರೆಯವಳು. ಅವಳ ಅಪ್ಪ ಕಡಲಿಗೆ ಹೋಗುವವರು. ಹುಡುಗಿಗೆ ಸ್ವಂತ ಲ್ಯಾಪ್‌ಟಾಪಿಲ್ಲ. ಆಯುಧಪೂಜೆಯ ದಿನ ಬೆಳಿಗ್ಗೆಯೇ ದೋಣಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು, ಕಾವೂರಿನ ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ಊಟದ ಹೊತ್ತಿನವರೆಗೆ ಕೂತು, ಇನ್‌ಸ್ಟಾಲ್ ಎಂದು ಅವರು ಹೇಳುವ ಕೆಲಸವನ್ನು ಓಡಲು ಬಿಟ್ಟರು. ಮೊಬೈಲಿನ ನೆಟ್ ನಿಧಾನ, ಅದು ಸಂಜೆಯವರೆಗೆ ತನ್ನಷ್ಟಕ್ಕೆ ಓಡುತ್ತದೆ, ಯಾರೂ ಕಾಯಬೇಕಾಗಿಲ್ಲ ಎಂದು ಫೋನನ್ನು ಅದರ ಪಕ್ಕದಲ್ಲೇ ಬಿಟ್ಟು, ಅವಳನ್ನು ಬಸ್ಸಿಗೆ ಬಿಡಲು ಮಗಳು ಹೊರಟಳು.

ನಾನು ಪೂಜೆಗೆ ಎಲ್ಲವನ್ನೂ ಜೋಡಿಸುತ್ತಿದ್ದೆ. ಸ್ಕೂಟರಿನ ಕೀ, ಹೊಲಿಗೆ ಯಂತ್ರ, ಮೆಟ್ಟುಕತ್ತಿ, ನಮ್ಮ ಮನೆಯವರ ಸ್ಪ್ಯಾನರಿನ ಪೆಟ್ಟಿಗೆ. ಮಗಳ ವಿದ್ಯೆಯ ಆಯುಧ ಬೇಡವೇ ಅನಿಸಿತು. ಲ್ಯಾಪ್‌ಟಾಪಿನ ಪರದೆಯಲ್ಲಿ ಬಿಳಿ ಅಕ್ಷರಗಳು ಸಾಲುಸಾಲಾಗಿ ಮೇಲೇರುತ್ತಿದ್ದವು. ನಾನು ಚಾರ್ಜರ್ ಕಿತ್ತೆ, ಮುಚ್ಚಳ ಮುಚ್ಚಿದೆ, ಒರೆಸಿ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿ ಸೇವಂತಿಗೆ ಇಟ್ಟೆ. ಎಷ್ಟು ಚಂದ ಕಾಣುತ್ತದೆ ಎಂದುಕೊಂಡು ಫೋಟೋ ತೆಗೆದು ತವರಿನ ಗ್ರೂಪಿಗೂ ಹಾಕಿದೆ.

ಮಗಳು ಬಂದವಳೇ ಬಾಗಿಲಲ್ಲಿ ನಿಂತುಬಿಟ್ಟಳು.

"ಅಮ್ಮಾ! ಅದು ಓಡ್ತಾ ಇತ್ತು!"

"ನಾಳೆ ಮತ್ತೆ ಓಡಿಸು. ಒಂದು ದಿನ ಅದಕ್ಕೂ ವಿಶ್ರಾಂತಿ ಬೇಡ್ವಾ?"

"ಅರ್ಧದಲ್ಲಿ ನಿಂತ್ರೆ ಹಾಳಾಗ್ತದೆ. ಈಗ ತೆಗಿಲಾ?"

"ದೇವರ ಮುಂದೆ ಇಟ್ಟದ್ದನ್ನು ತೆಗಿಯುದುಂಟಾ? ದಶಮಿ ಪೂಜೆ ಆಗ್ಲಿ. ಅಷ್ಟು ಭಕ್ತಿ ಇಲ್ದೆ ಎಂತ ಓದು ನಿಂದು?"

ಆ ಕೊನೆಯ ಮಾತು ನಾನು ಆಡಬಾರದಿತ್ತು. ಅವಳು ಒಳಗೆ ಹೋದಳು. ಮಾರನೆಯ ದಿನ ಹೂ ತೆಗೆದು ಕೊಟ್ಟಾಗ ಬ್ಯಾಟರಿ ಪೂರ್ತಿ ಇಳಿದಿತ್ತು. ಅರ್ಧ ಇನ್‌ಸ್ಟಾಲ್ ಆದದ್ದು ಮುಂದಕ್ಕೂ ಹೋಗಲಿಲ್ಲ, ಅದನ್ನಷ್ಟೇ ಅಳಿಸಲೂ ಬರಲಿಲ್ಲ. ಎಲ್ಲವನ್ನೂ ತೆಗೆದು ಹೊಸದಾಗಿ ಹಾಕಬೇಕೆಂದರೆ ಅವಳ ಮೊಬೈಲಿನಲ್ಲಿ ಉಳಿದಿದ್ದ ಇಂಟರ್‌ನೆಟ್ ಸಾಲಲಿಲ್ಲ. ಕುಂಕುಮ ಕೀಬೋರ್ಡಿನ ಒಳಗೆ ಹೋಗಿರಲಿಲ್ಲ. ಅದನ್ನೇ ಒಂದು ದೇವರ ದಯೆ ಎಂದು ಲೆಕ್ಕ ಹಾಕಿ ನಾನು ಸಮಾಧಾನ ಮಾಡಿಕೊಂಡಿದ್ದೆ.

ಈಗ ಫೋನಿನಲ್ಲಿ ಮಗಳು ಹೇಳುತ್ತಿದ್ದಳು: "ಯಾಕೆ ಆಗ್ಲಿಲ್ಲ ಅಂತ ಸರ್ ಕೇಳಿದ್ರು ಅಮ್ಮ. ನಾನು ಬಾಯಿ ತೆರೀಲಿಕ್ಕೆ ಮುಂಚೆ ಅವಳೇ ಹೇಳಿದ್ಳು, ನಾವು ಕಡೇ ಗಳಿಗೆಗೆ ಇಟ್ಟದ್ದು ಸರ್, ತಪ್ಪು ನಮ್ಮದೇ ಅಂತ. ಎಲ್ಲರೆದುರು ಬೈಸಿಕೊಂಡ್ಳು."

ನನ್ನ ಹೆಸರು ಬರಬಾರದೆಂದು ಆ ಹುಡುಗಿ ಬೈಸಿಕೊಂಡಿದ್ದಳು. ನಮ್ಮ ಮನೆಯಲ್ಲಿ ಅವಳು ಉಂಡದ್ದು ಒಂದೇ ಊಟ.

ಸಂಜೆ ಲ್ಯಾಬ್ ಮುಚ್ಚುವುದರೊಳಗೆ ತಂದು ತೋರಿಸಿದರೆ ಸ್ವಲ್ಪ ಮಾರ್ಕು ಕಡಿದು ಕೊಡುತ್ತೇನೆ ಎಂದು ಸರ್ ಕೊನೆಗೆ ಒಪ್ಪಿದ್ದರಂತೆ. ಕಾಲೇಜಿನ ನೆಟ್‌ನಲ್ಲಿ ಅಂಥದ್ದನ್ನೆಲ್ಲ ಇಳಿಸಿಕೊಳ್ಳಲು ಬಿಡುವುದಿಲ್ಲ, ಮನೆಗೇ ಬರುತ್ತೇವೆ, ಯಾರದಾದರೂ ವೈಫೈ ಸಿಗುತ್ತದಾ ನೋಡು ಎಂದಳು ಮಗಳು.

ಮೀನನ್ನು ಫ್ರಿಜ್ಜಿನಲ್ಲಿಟ್ಟು, ಕೈಗೆ ಲಿಂಬೆ ಉಜ್ಜಿ ತೊಳೆದು, ಮೇಲಿನ ಮನೆಗೆ ಹತ್ತಿದೆ. ಅಲ್ಲಿಯ ಹೆಂಗಸು ನನಗಿಂತ ಹಿರಿಯರು. ಯಾವಾಗಲೂ ತಮಾಷೆ ಮಾಡುವವರು. ಯಾಕೆ ಬೇಕೆಂದು ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಇದ್ದದ್ದನ್ನು ಹೇಳಿದೆ.

ಅವರು ನಕ್ಕದ್ದು ಕೆಳಗಿನವರೆಗೆ ಕೇಳಿರಬೇಕು. "ಅಯ್ಯೋ ಮಾರಾಯ್ತಿ! ಅನ್ನ ಬೇಯುವಾಗ ಒಲೆ ಆರಿಸಿ ಒಲೆಗೆ ಪೂಜೆ ಮಾಡ್ತೀಯಾ ನೀನು?"

"ಮಾಡುದಿಲ್ಲ ಅಕ್ಕ."

"ಮತ್ತೆ? ಪಾಸ್‌ವರ್ಡ್ ಬರ್ಕೊ. ದೇವರಿಗೂ ಸ್ವಲ್ಪ ಹೇಳು, ಸಿಗ್ನಲ್ ಕೊಡ್ಲಿ."

ನಾನೂ ನಕ್ಕೆ. ಮೆಟ್ಟಿಲು ಇಳಿಯುವಾಗ ಮುಖ ಬಿಸಿಯಾಗಿತ್ತು.

ಹುಡುಗಿಯರು ಬಂದು ಕೂತರು. ನೆಟ್ ಚೆನ್ನಾಗಿ ಸಿಕ್ಕಿತು, ಅದೊಂದು. ಕರೆಂಟ್ ಹೋಗಲಿಲ್ಲ, ಅದೂ ಒಂದು. ಹಳೆಯದನ್ನೆಲ್ಲ ತೆಗೆದು ಮೊದಲಿನಿಂದ ಶುರು ಮಾಡಿದರು. ಮೊನ್ನೆಯ ಹಾಗೆ ಬಿಳಿ ಅಕ್ಷರಗಳು ಮೇಲೇರತೊಡಗಿದವು. ಆ ಕೋಣೆಯಲ್ಲಿ ಗಟ್ಟಿಯಾಗಿ ನಡೆಯಲೂ ನನಗೆ ಧೈರ್ಯವಿರಲಿಲ್ಲ.

ಗಂಜಿ, ಉಪ್ಪಿನಕಾಯಿ, ಹೆಸರುಕಾಳಿನ ಪಲ್ಯ ಕೊಟ್ಟೆ. ಬೆಂಗ್ರೆಯ ಹುಡುಗಿಯ ಮುಖ ನೋಡಲಾಗದೆ ತಟ್ಟೆಯನ್ನೇ ನೋಡುತ್ತಾ, "ನಿಮ್ಮಲ್ಲಿಯೂ ಪೂಜೆ ಜೋರಿತ್ತಾ ಮಗಾ?" ಎಂದೆ. ಹೇಳಬೇಕೆಂದಿದ್ದದ್ದು ಬೇರೆ. ಬಾಯಿಗೆ ಬಂದದ್ದು ಇದು.

"ಇತ್ತು ಆಂಟಿ. ಬೋಟಿಗೆಲ್ಲ ಹೂ ಹಾಕಿದ್ರು." ನಕ್ಕಳು. "ಆದ್ರೆ ದಡಕ್ಕೆ ಬಂದ ಮೇಲೆ ಹಾಕುದು. ಬಲೆ ನೀರಲ್ಲಿರುವಾಗ ಇಂಜಿನ್ ಆಫ್ ಮಾಡಿ ಹೂ ಹಾಕಿದ್ರೆ ಅಪ್ಪ ನಮ್ಮನ್ನೇ ನೀರಿಗೆ ಹಾಕ್ತಾರೆ!"

ಮಗಳು "ಏ, ಸಾಕು ನಿಂದು" ಎಂದು ಅವಳ ಭುಜಕ್ಕೆ ತಟ್ಟಿದಳು. ಇಬ್ಬರೂ ನಕ್ಕರು. ಚುಚ್ಚಲೆಂದು ಆಡಿದ ಮಾತಲ್ಲ ಅದು. ಆದರೂ ನಾನು ಅಡುಗೆಮನೆಗೆ ಬಂದು ಸುಮ್ಮನೆ ನಲ್ಲಿ ಬಿಟ್ಟು ನಿಂತೆ.

ನನ್ನ ಅಪ್ಪನೂ ಕಡಲಿಗೆ ಹೋಗುತ್ತಿದ್ದವರು. ಬಲೆ ತೊಳೆದು, ಒಣಗಿಸಿ, ಹರಿದಲ್ಲಿ ಹೆಣೆದು, ಆಮೇಲೆಯೇ ಅದಕ್ಕೆ ಹೂ. ಅಮ್ಮನೂ ಅಷ್ಟೇ. ಮೊನ್ನೆ ನಾನೇ ತರಕಾರಿಯೆಲ್ಲ ಹೆಚ್ಚಿ ಮುಗಿಸಿ, ಮೆಟ್ಟುಕತ್ತಿಯನ್ನು ತೊಳೆದು ಒರೆಸಿ ಪೂಜೆಗೆ ಇಟ್ಟಿದ್ದೆ. ಹೊಲಿಗೆ ಯಂತ್ರದಲ್ಲಿದ್ದ ರವಿಕೆ ಮುಗಿಸಿಯೇ ಅದಕ್ಕೆ ಗಂಧ ಹಚ್ಚಿದ್ದೆ. ನನ್ನ ಕೆಲಸ ಮುಗಿಯುವವರೆಗೆ ದೇವರು ಕಾದಿದ್ದರು. ಮಗಳ ಕೆಲಸಕ್ಕೂ ಕಾಯುತ್ತಿದ್ದರು. ಕಾಯದೇ ಇದ್ದವಳು ನಾನು. ಕೂತಲ್ಲೇ ಪರದೆ ನೋಡುವುದು ಒಂದು ಕೆಲಸವೆಂದು ನನಗೆ ಅನಿಸಿಯೇ ಇರಲಿಲ್ಲ. ಭಕ್ತಿ ಇಲ್ಲವೆಂದು ಬೈದದ್ದು ಮಾತ್ರ ಅವಳಿಗೆ.

"ಆಂಟಿ, ಬನ್ನಿ ಬನ್ನಿ!" ಎಂದು ಹುಡುಗಿ ಕೂಗಿದಳು. ಹೋಗಿ ನೋಡಿದರೆ ಕಪ್ಪು ಪರದೆಯಲ್ಲಿ ಒಂದು ಚಿಕ್ಕ ಗೆರೆ ಮಿನುಗುತ್ತಿತ್ತು. ಅವಳೊಂದು ಕೂಡಿಸುವ ಲೆಕ್ಕ ಬರೆದು, "ಈ ಬಟನ್ ನೀವೇ ಒತ್ತಿ" ಎಂದಳು.

"ನನ್ನ ಕೈ ಬೇಡ ಮಗಾ. ಮೀನಿನ ವಾಸನೆ ಉಂಟು."

"ನನ್ನ ಮೂಗಿಗೆ ಅದು ವಾಸನೆಯೇ ಅಲ್ಲ ಆಂಟಿ. ಒತ್ತಿ."

ಒತ್ತಿದೆ. ಕೆಳಗಿನ ಸಾಲಿನಲ್ಲಿ ಉತ್ತರ ಬಂತು. ಸರಿಯಾಗಿತ್ತು. ಹೊಸ ಸಾಲಿನಲ್ಲಿ ಗೆರೆ ಮತ್ತೆ ಮಿನುಗತೊಡಗಿತು, ಇನ್ನೇನಾದರೂ ಹೇಳಲಿಕ್ಕಿದೆಯಾ ಎಂದು ಕೇಳುವ ಹಾಗೆ.

ಆಗ ಹೇಳಿದೆ. "ನಿನಗೆ ಬೈಗಳು ನನ್ನಿಂದಾಗಿ ಸಿಕ್ಕಿತು ಮಗಾ. ತಪ್ಪಾಯ್ತು." ಮಗಳ ಕಡೆ ತಿರುಗಿ ಇನ್ನೊಂದು ಮಾತು ಆಡಬೇಕಿತ್ತು. ಅವಳು ಬೇಗಬೇಗ ಚಾರ್ಜರ್ ಸುತ್ತುತ್ತಿದ್ದಳು. "ಅಮ್ಮ, ಬಸ್ ಹೋಗ್ತದೆ" ಎಂದಳಷ್ಟೇ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಸರ್ ನೋಡಿದರು, ಒಪ್ಪಿದರು, ಹೇಳಿದ ಹಾಗೆಯೇ ಮಾರ್ಕು ಕಡಿದರು, ಇಬ್ಬರಿಗೂ. ಸೊನ್ನೆಯಾಗಲಿಲ್ಲ, ಅದು ದೊಡ್ಡ ದಯೆಯೇ. ಆದರೆ ಕಡಿದದ್ದು ಅವರ ಮಾರ್ಕು. ದೇವರಿಗೆ ಕೈ ಮುಗಿಯುವಾಗ ಹೆಚ್ಚೇನೂ ಕೇಳಿಕೊಳ್ಳಲು ನನಗೆ ಮುಖವಿರಲಿಲ್ಲ.

"ಮೀನು ಮಾಡಿದ್ಯಾ?" ಎಂದು ಮಗಳು ಫೋನಿಡುವ ಮೊದಲು ಕೇಳಿದಳು.

"ಈಗ ಮಾಡ್ತೇನೆ. ಅವಳನ್ನೂ ಕರ್ಕೊಂಡು ಬಾ."

"ಅವಳು ದೋಣಿಗೆ ಹೋಗಿಯಾಯ್ತು ಅಮ್ಮ."

ಫ್ರಿಜ್ಜಿನಿಂದ ಪಾತ್ರೆ ತೆಗೆದೆ. ಮೆಟ್ಟುಕತ್ತಿಯ ಮುಂದೆ ಕೂತು ಉಳಿದ ಬಂಗುಡೆಗಳ ತಲೆ ತೆಗೆಯತೊಡಗಿದೆ.