ಚಪ್ಪಾಳೆಗಾಗಿ ಬರೆದ ಕೊನೆಯ ವಾಕ್ಯ

ನಮ್ಮ ಗಲ್ಲಿಯ ಹೊಗೆಯನ್ನು ಒಂದು ಭಾಷಣ ಓಡಿಸಿತು ಎಂದು ಕಾಶಿಯ ಹನುಮಾನ್ ಘಾಟಿನಲ್ಲಿ ಈಗಲೂ ಹೇಳುತ್ತಾರೆ. ಹೇಳುವವರು ಸುಳ್ಳುಗಾರರಲ್ಲ, ನವೆಂಬರಿನವರೆಗೆ ಮಾತ್ರ ನೆನಪಿಟ್ಟುಕೊಂಡವರು. ನನಗೆ ಜನವರಿಯೂ ನೆನಪಿದೆ. ಸಾಲದ್ದಕ್ಕೆ ಆ ಭಾಷಣವನ್ನು ಬರೆದವಳೇ ನಾನು.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಅಪ್ಪ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ನಾನು ಬಿ.ಎ. ಓದುತ್ತ ಹಿಂದಿ ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದೆ. ಎತ್ತಿದ ಚೀಟಿಯಲ್ಲಿ ಪರ ಎಂದಿದ್ದರೆ ಪರ, ವಿರೋಧ ಎಂದಿದ್ದರೆ ವಿರೋಧ. ಹವಾಮಾನ ಬದಲಾವಣೆಯ ಬಗ್ಗೆ ಎರಡೂ ಕಡೆಯಿಂದ ವಾದಿಸಿ ಎರಡು ಸಲವೂ ಬಹುಮಾನ ತಂದಿದ್ದೆ. ಒಳಗೊಳಗೆ ಮಾತ್ರ, ಇದೆಲ್ಲ ಶ್ರೀಮಂತ ದೇಶಗಳು ನಮ್ಮನ್ನು ಕತ್ತಲಲ್ಲಿಡಲು ಹುಡುಕಿಕೊಂಡ ಹೊಸ ನೆಪ ಎಂಬ ಗುಮಾನಿ.

ನಮ್ಮಲ್ಲಿ ಕತ್ತಲಿಗೇನೂ ಬರವಿರಲಿಲ್ಲ. ಕರೆಂಟ್ ಹೋದೊಡನೆ ಗಲ್ಲಿಯ ಹಿಟ್ಟಿನ ಗಿರಣಿಯವನ ಡೀಸೆಲ್ ಜನರೇಟರ್ ಗುಡುಗುತ್ತಿತ್ತು. ಅದರಿಂದ ಮನೆಮನೆಗೆ ಒಂದೊಂದು ತಂತಿ. ನಮ್ಮ ತಂತಿಗೆ ಒಂದು ಬಲ್ಬು, ಜೊತೆಗೆ ಅಜ್ಜಿಯ ನೆಬ್ಯುಲೈಸರ್, ಅಂದರೆ ಔಷಧಿಯನ್ನು ಮಂಜಿನಂತೆ ಮಾಡಿ ಮುಖಕ್ಕೆ ಕಟ್ಟಿದ ಮಾಸ್ಕಿನೊಳಗೆ ಬಿಡುವ ಪುಟ್ಟ ಯಂತ್ರ. ಅಜ್ಜಿಗೆ ಉಬ್ಬಸ. ಅದನ್ನು ಏರಿಸುತ್ತಿದ್ದುದು ಆ ಜನರೇಟರಿನ ಹೊಗೆ, ಇಳಿಸುತ್ತಿದ್ದುದು ಅದರದೇ ಕರೆಂಟು.

"ಗಿರಣಿಯವ ನನ್ನ ಅಳಿಯ ಆಗಬೇಕಿತ್ತು ಕಣೇ," ಎನ್ನುತ್ತಿದ್ದರು ಅಜ್ಜಿ. "ಕಾಯಿಲೆನೂ ಅವನೇ ಕೊಡ್ತಾನೆ, ಮದ್ದೂ ಅವನೇ ಕುಡಿಸ್ತಾನೆ."

ಆ ವರ್ಷ ಚುನಾವಣೆಗೆ ನಿಲ್ಲಲು ಹೊರಟಿದ್ದ ಮೊಹಲ್ಲಾದ ನಾಯಕರೊಬ್ಬರು, ಎಲ್ಲರ ಬಾಯಲ್ಲಿ ಭೈಯಾಜಿ, ಯಾತ್ರಿಕರ ಛತ್ರದ ಮಾಳಿಗೆಯ ಮೇಲೆ ಸೋಲಾರ್ ಫಲಕ, ಅದಕ್ಕೊಂದು ದೊಡ್ಡ ಬ್ಯಾಟರಿ ಹಾಕಿಸಿದರು. ಮನೆಗೊಂದು ಸೋಲಾರ್ ತಂತಿ ಎಂದು ಸಾರಿದರು. ಉದ್ಘಾಟನೆಗೆ ಭಾಷಣ ಬೇಕೆಂದು ನಮ್ಮ ಮನೆಗೇ ಬಂದು ಕುಳಿತರು.

"ಬಿಟಿಯಾ, ನನ್ನ ಮಗಳಿದ್ದ ಹಾಗೆ ನೀನು. ಗಂಗಾ ಮೈಯಾ ಬರಲಿ, ಸೂರ್ಯ ಭಗವಾನ್ ಬರಲಿ, ಭೂಮಿ ಕಾಯೋದೂ ಬರಲಿ. ಕೊನೆಗೆ ಚಪ್ಪಾಳೆ ಬಿತ್ತು ಅಂದ್ರೆ ಆಯ್ತು, ಅಷ್ಟೇ."

ಕೊನೆಯ ಗಂಟೆ ಬಾರಿಸುವ ಮುಂಚೆ ಒಂದು ಸವಾಲು ಎಸೆಯಬೇಕು ಎಂಬುದು ಚರ್ಚೆಯಲ್ಲಿ ನನಗೆ ಕಲಿಸಿದ ಮೊದಲ ಪಾಠ. ಭಾಷಣದ ಕೊನೆಯ ವಾಕ್ಯದಲ್ಲಿ ಎಸೆದೆ: "ಈ ಗಲ್ಲಿಯ ಜನರೇಟರ್ ಇವತ್ತೇ ಬಾಯಿ ಮುಚ್ಚಲಿ!"

ಅಪ್ಪ ಓದಿ, ಕನ್ನಡಕ ತೆಗೆದರು. "ಬಿಸಿಲಿಲ್ಲದೆ ಆ ಬ್ಯಾಟರಿ ಎಷ್ಟು ದಿನ ತಡೆಯತ್ತೆ ಅಂತ ವಿಚಾರಿಸಿದ್ಯಾ?"

"ಅಪ್ಪಾ, ಅದು ಭಾಷಣದಲ್ಲಿ ಬರೋ ವಿಷಯ ಅಲ್ಲ."

ನವೆಂಬರಿನಲ್ಲಿ, ಉದ್ಘಾಟನೆಯ ದಿನ, ಚಪ್ಪಾಳೆ ಬಿತ್ತು. ಸಭೆಯ ಬೆನ್ನಿಗೇ ಭೈಯಾಜಿಯ ಹುಡುಗರು ಜನರೇಟರಿಗೆ ಚೆಂಡುಹೂವಿನ ಹಾರ ಹಾಕಿ, ಕೈಗಾಡಿಗೇರಿಸಿ, ಜಯಕಾರ ಕೂಗುತ್ತ ತಳ್ಳಿಕೊಂಡು ಹೋದರು. ಗಿರಣಿಯವ ಬೆವರೊರೆಸಿಕೊಳ್ಳುತ್ತ ನನ್ನ ಮುಂದೆ ನಿಂತ. "ಬಿಟಿಯಾ, ಸೂರ್ಯ ಭಗವಾನ್ ಕೂಡ ರಜಾ ತಗೋತಾನೆ, ಗೊತ್ತಿರಲಿ."

"ಚಾಚಾ, ಡೀಸೆಲ್ಲಿಗೂ ಹರತಾಳ ಇರತ್ತಲ್ಲ!" ಎಂದೆ. ಸುತ್ತಲಿದ್ದವರು ನಕ್ಕರು. ಗೆದ್ದೆ ಅಂದುಕೊಂಡೆ.

ಎರಡು ತಿಂಗಳು ನಿಜಕ್ಕೂ ಸುಖವಿತ್ತು, ಸುಳ್ಳೇಕೆ ಹೇಳಲಿ? ಕಿಟಕಿ ತೆರೆದಿಡುವಂತಾಯಿತು. ಅಜ್ಜಿ ನಡುವೆ ಎಲ್ಲೂ ನಿಲ್ಲದೆ ಕೇದಾರ ಘಾಟಿನವರೆಗೆ ನಡೆದು ಬಂದರು.

ಆಮೇಲೆ ಕೊಹರಾ ಇಳಿಯಿತು. ಕಾಶಿಯ ಜನವರಿಯ ಮಂಜಿನಲ್ಲಿ ಎದುರು ಮನೆಯ ಬಾಗಿಲೂ ಕಾಣದು. ವಾರವಿಡೀ ಸೂರ್ಯನ ಸುಳಿವಿಲ್ಲ. ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಅಜ್ಜಿ ಮಾಸ್ಕ್ ಹಾಕಿಕೊಂಡು ಕೂತಿದ್ದಾಗಲೇ ಕರೆಂಟ್ ಹೋಯಿತು. ಯಂತ್ರದ ಗುಂಯ್ ಎನ್ನುವ ಸದ್ದು ಕುಗ್ಗಿ ಕುಗ್ಗಿ ನಿಂತಿತು. ಓಡಿ ಪ್ಲಗ್ಗನ್ನು ಸೋಲಾರ್ ತಂತಿಗೆ ಚುಚ್ಚಿದೆ. ಏನೂ ಆಗಲಿಲ್ಲ. ಬ್ಯಾಟರಿಯಲ್ಲಿ ಪ್ರಾಣವಿರಲಿಲ್ಲ.

ಅಜ್ಜಿಯ ಎದೆಯಿಂದ ಸೀಟಿಯಂಥ ಸದ್ದು. ಕುತ್ತಿಗೆಯ ನರಗಳು ಹುರಿಗೊಂಡವು, ತುಟಿಯ ಬಣ್ಣ ಬದಲಾಯಿತು. ನನ್ನನ್ನೇ ನೋಡುತ್ತಿದ್ದರು. ಎಂಥ ವಾದಕ್ಕೂ ಮೂರು ಸೆಕೆಂಡಿನಲ್ಲಿ ಉತ್ತರ ಕೊಡುತ್ತಿದ್ದವಳು ಅದೇ ಸತ್ತ ತಂತಿಗೆ ಪ್ಲಗ್ಗನ್ನು ಕಿತ್ತು ಕಿತ್ತು ಚುಚ್ಚುತ್ತಿದ್ದೆ.

"ಕುರ್ಚಿ ಹಿಡಿಯೇ!" ಅಪ್ಪ ಗದರಿದರು.

ಯಂತ್ರವನ್ನು ಅಜ್ಜಿಯ ಮಡಿಲಲ್ಲಿಟ್ಟು, ಕುರ್ಚಿ ಸಮೇತ ಎತ್ತಿಕೊಂಡು ಹೊರಟೆವು. ಮುಖ್ಯರಸ್ತೆಯ ಔಷಧಿ ಅಂಗಡಿಯಲ್ಲಿ ಇನ್ವರ್ಟರ್ ಇತ್ತು. ಗಲ್ಲಿಯೋ, ಕುರ್ಚಿಯ ಕಾಲು ಎರಡೂ ಗೋಡೆಗೆ ತಾಗುವಷ್ಟು ಕಿರಿದು. ಮಂಜಿನಲ್ಲಿ ಅಜ್ಜಿಯ ಮುಖ ಕಾಣುತ್ತಿರಲಿಲ್ಲ, ಸೀಟಿ ಮಾತ್ರ ಕೇಳುತ್ತಿತ್ತು. ಅದು ಕೇಳುತ್ತಿರುವಷ್ಟು ಹೊತ್ತು ಇದ್ದಾರೆ ಎಂದುಕೊಳ್ಳುತ್ತ ಹೆಜ್ಜೆಯಿಟ್ಟೆ. ಗಿರಣಿಯ ಎದುರು ಅದು ಒಮ್ಮೆ ನಿಂತುಬಿಟ್ಟಿತು. ಮತ್ತೆ ಶುರುವಾಗುವವರೆಗಿನ ಆ ಹೊತ್ತನ್ನು ನಾನು ಇನ್ನೂ ಪೂರ್ತಿ ದಾಟಿಲ್ಲ.

ಅಂಗಡಿಯಲ್ಲಿ ಕೆಮ್ಮಿನ ಸಿರಪ್ ಕೊಳ್ಳುವವರ ನಡುವೆ ಕೂರಿಸಿ ಮಾಸ್ಕ್ ಕಟ್ಟಿದೆವು. ಅರ್ಧ ಗಂಟೆಯ ಮೇಲೆ ಅಜ್ಜಿ ಅದನ್ನು ಸರಿಸಿ, "ಭಾಷಣ ಮಾತ್ರ... ಚೆನ್ನಾಗಿ ಬರೆದಿದ್ದೆ ಬಿಡು," ಎಂದರು.

ಆ ವಾರ ಹವಾಮಾನದ ಕುರಿತು ನನ್ನಲ್ಲಿದ್ದ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಚೀಟಿ ಎತ್ತದೆ ಓದಿದ್ದು ಅದೇ ಮೊದಲು. ಗುಮಾನಿ ಸಡಿಲವಾಯಿತು, ಅದರ ಜಾಗಕ್ಕೆ ಹೆದರಿಕೆ ಬಂತು. ಇದರಲ್ಲಿ ಅರ್ಧ ನಿಜವಾಗಿದ್ದರೂ, ಅದನ್ನು ಜನಕ್ಕೆ ಹೇಳುವ ಕೆಲಸ ಭೈಯಾಜಿಯಂಥವರದ್ದು, ಬರೆದುಕೊಡುವ ಕೆಲಸ ನನ್ನಂಥವರದ್ದು. ಬ್ಯಾಟರಿಯ ಬಗ್ಗೆ ಇಬ್ಬರೂ ವಿಚಾರಿಸಿರಲಿಲ್ಲ.

ತಿಂಗಳ ಕೊನೆಗೆ ಭೈಯಾಜಿ ಮತ್ತೆ ಬಂದರು. ಹೊರಗೆ ಮಂಜು ಬಿಟ್ಟಿರಲಿಲ್ಲ.

"ಈ ಸಲ ದಶಾಶ್ವಮೇಧ ಘಾಟಿನಲ್ಲಿ ಸಭೆ, ಬಿಟಿಯಾ. ವಿಷಯ ದೊಡ್ಡದು. ಹಿಮಾಲಯದ ಹಿಮ ಕರಗ್ತಿದೆ, ಗಂಗೆ ಬತ್ತಿ ಹೋಗ್ತಾಳೆ... ಜನ ಅಳಬೇಕು!"

ಒಳಕೋಣೆಯಿಂದ ಅಜ್ಜಿಯ ಉಸಿರು ಸಣ್ಣಗೆ ಕೇಳುತ್ತಿತ್ತು. ಭೈಯಾಜಿ ಚಹಾ ಮುಗಿಸಿ, ಮೊಬೈಲಿನ ಗುಂಡಿ ಒತ್ತುತ್ತ ಎದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬರೀತೀನಿ, ಭೈಯಾಜಿ. ಮೊದಲು ಇದೊಂದು ಹೇಳಿ. ನಾಳೆ ಬೆಳಿಗ್ಗೆ ಹೀಗೇ ಮಂಜು ಕವಿದು ಕರೆಂಟ್ ಹೋದರೆ, ಅಜ್ಜಿಯ ಯಂತ್ರವನ್ನು ನಾನು ಯಾವ ತಂತಿಗೆ ಚುಚ್ಚಲಿ?"